ಪೋಲೆಂಡ್ ಎಳೆಗೂಸಾದ ಬಗೆ

ನನ್ನ ಭಾವ ಮಾರ್ಟಿಮರ್ ಪೆಂಬ್ರಿಜ್ ಪ್ಯಾರಿಸ್ಸಿನಾಚೆ ಕಾಲಿಟ್ಟವನಲ್ಲ. ಆದರೂ ಯಾವ ದೇಶದವರು ತಮ್ಮನ್ನು ತಾವೇ ಆಳಿಕೊಳ್ಳಬಲ್ಲರು, ಯಾರಿಗೆ ಆ ಯೋಗ್ಯತೆಯಿಲ್ಲ ಎಂದು ಲಂಡನ್ನಿನ ತನ್ನ ಓದುಕೋಣೆಯಲ್ಲಿ ಕೂತು ತೀರ್ಪು ಬರೆಯುತ್ತಿದ್ದ. ಮಂತ್ರಿಗಳು ಅದನ್ನು ಓದುತ್ತಿದ್ದರು. ಅವನ ತಲೆ ತಿರುಗಿದ್ದು ಅದರಿಂದಲೇ.

ಪೋಲೆಂಡಿನ ದಂಗೆಯನ್ನು ರಷ್ಯದವರು ಹೊಸಕಿಹಾಕಿದಾಗ ಅಲ್ಲಿಂದ ತಪ್ಪಿಸಿಕೊಂಡು ಬಂದ ಝೆನಾನ್ ವೊಲ್ಸ್ಕಿಯನ್ನು ಭಾವ ಮನೆಯಲ್ಲಿಟ್ಟುಕೊಂಡ. ದಯೆಯಿಂದಲ್ಲ, ಊಟಕ್ಕೆ ಬಂದವರಿಗೆ ತೋರಿಸಲು. ವೊಲ್ಸ್ಕಿಗೆ ಬಲಗೈ ಇರಲಿಲ್ಲ. ಅಕ್ಕ ಆಗಸ್ಟಾ ಅವನ ತಟ್ಟೆಯ ಕುರಿಮಾಂಸವನ್ನು ಸದ್ದಿಲ್ಲದೆ ಕೊಯ್ದುಕೊಡುತ್ತಿದ್ದಳು.

ಒಂದು ಸಂಜೆ ಭಾವ ಅತಿಥಿಗಳೆದುರು ಗುಡುಗಿದ: "ರಷ್ಯದ ದೊರೆ ಜಾರ್ ಪೋಲೆಂಡಿಗೆ ಮಾತು ಕೊಟ್ಟು ಮುರಿದ. ದೇಶದೇಶಗಳ ಮಧ್ಯೆ ಮಾತಿಗೆ ಬೆಲೆ ಬೇಡ್ವಾ?"

"ಇಂಡಿಯಾದಲ್ಲಿ ನಾವು ಔಧ್ ನವಾಬನಿಗೆ ಕೊಟ್ಟ ಮಾತು ಏನಾಯ್ತು ರೀ? ಅವನ ರಾಜ್ಯಾನೇ ಕಿತ್ಕೊಂಡ್ವಲ್ಲ?" ಎಂದಳು ಅಕ್ಕ.

"ಅದು ಬೇರೆ ಕಣೇ. ಆ ಜನ ಇನ್ನೂ ಮಕ್ಕಳು. ಮಕ್ಕಳ ಜೊತೆ ಯಾರಾದ್ರೂ ಕರಾರು ಮಾಡ್ಕೋತಾರಾ? ಕೈಹಿಡಿದು ನಡೆಸ್ಬೇಕು."

ವೊಲ್ಸ್ಕಿ ಫೋರ್ಕು ಕೆಳಗಿಟ್ಟ. "ಅವರು ದೊಡ್ಡವರಾದ್ರು ಅಂತ ಹೇಳೋರು ಯಾರು ಸ್ವಾಮಿ?"

"ನಾವೇ! ಇನ್ಯಾರು?"

"ವಾರ್ಸಾದಲ್ಲಿ ನನ್ನ ವಿಚಾರಣೆ ಮಾಡಿದ ರಷ್ಯನ್ ಅಧಿಕಾರೀನೂ ಇದನ್ನೇ ಹೇಳಿದ. ಊಟಕ್ಕೆ ಮಾತ್ರ ಕರೀಲಿಲ್ಲ."

ಭಾವ ನಕ್ಕ. "ಅಯ್ಯೋ ಮಾರಾಯ್ರೇ, ನೀವು ಯೂರೋಪಿನವರು! ನಿಮ್ಮನ್ನ ಅವರ ಜೊತೆ ಸೇರಿಸ್ತೀನಾ?"

"ನೀವು ಸೇರಿಸ್ಬೇಡಿ. ನಾನೇ ಸೇರ್ಕೋತೀನಿ."

ವೊಲ್ಸ್ಕಿ ಎದ್ದು ಅಕ್ಕನಿಗೆ ಬಾಗಿ ವಂದಿಸಿ, ಒಂಟಿ ಕೈಯಲ್ಲಿ ಕೋಟು ಹೆಗಲಿಗೇರಿಸಿಕೊಂಡು ಮಂಜಿನಲ್ಲಿ ಹೊರಟುಹೋದ. "ಎಂಥ ಕೃತಘ್ನ!" ಎಂದ ಭಾವ. ಅತಿಥಿಗಳು ತಲೆಯಾಡಿಸಿದರು. ಅವರಲ್ಲೊಬ್ಬ ಪಾದ್ರಿ ಇನ್ನಷ್ಟು ಪುಡ್ಡಿಂಗ್ ಕೇಳಿದ.

ಮರುತಿಂಗಳು ಭಾವ ಹೊಸ ಪ್ರಬಂಧ ಬರೆದ: ಪೋಲೆಂಡಿನವರು ಮುಂಗೋಪಿಗಳು, ಜಗಳಗಂಟರು, ಇನ್ನೂ ಕೆಲಕಾಲ ಗಟ್ಟಿ ಕೈಯ ಕೆಳಗಿರುವುದೇ ಅವರಿಗೆ ಒಳ್ಳೆಯದು. ಮಾಂಸಕ್ಕೂ ಪುಡ್ಡಿಂಗಿಗೂ ನಡುವೆ ಒಂದು ಇಡೀ ದೇಶ ಎಳೆಗೂಸಾಗಿಬಿಟ್ಟಿತ್ತು.

ಅವನ ಬರಹಗಳನ್ನೆಲ್ಲ ಶುದ್ಧಪ್ರತಿ ಮಾಡುತ್ತಿದ್ದವಳು ಅಕ್ಕ. ಮೊದಲ ಹಾಳೆ ಓದಿ ಅದನ್ನು ಅವನ ಮುಂದೆಯೇ ಇಟ್ಟಳು. "ಇದನ್ನ ನೀವೇ ಬರ್ಕೊಳ್ಳಿ."

"ಹೆಂಗಸರಿಗೆ ರಾಜಕೀಯ ಅರ್ಥ ಆಗೋಕೆ ಇನ್ನೂ ಕಾಲ ಬೇಕು ಬಿಡು," ಎಂದ.

ಅಕ್ಕ ಲಂಡನ್ನಿನ ವಲಸಿಗರ ಕೇರಿಯಾದ ಸೋಹೋದ ಬಾಡಿಗೆ ಕೋಣೆಯಲ್ಲಿ ಫ್ರೆಂಚ್ ಹೇಳಿಕೊಡುತ್ತಿದ್ದ ವೊಲ್ಸ್ಕಿಯ ಬಳಿ ಪಾಠಕ್ಕೆ ಸೇರಿದಳು. ಗಂಡ ಎಷ್ಟು ಕೂಗಾಡಿದರೂ ಬಿಡಲಿಲ್ಲ.

ಪ್ರಬಂಧಕ್ಕೆ ಭಾರೀ ಹೊಗಳಿಕೆ ಬಂತು, ಭಾವನಿಗೆ 'ಸರ್' ಪದವಿಯೂ ಬಂತು. ಅಕ್ಕ ಆ ಸಮಾರಂಭಕ್ಕೆ ಹೋಗಲಿಲ್ಲ. ನಾನು ಹೋದೆ, ಪದವಿ ಪಡೆಯಲು ಅವನು ರಾಣಿಯೆದುರು ಮಂಡಿಯೂರುವುದನ್ನು ಒಮ್ಮೆ ಕಣ್ಣಾರೆ ನೋಡುವ ಆಸೆಯಿಂದ.