ಕೈಗೆಟುಕದ ಬೆನ್ನು

“ಒಳಗೇನು ತಪಸ್ಸು ಮಾಡ್ತಿದ್ದೀಯೇನೇ? ಬೆನ್ನು ಒಣಗುತ್ತೆ, ಬಾಗಿಲು ತೆಗಿ!”

ಅಮ್ಮ ಬಚ್ಚಲಿನ ಬಾಗಿಲು ಬಡಿಯುತ್ತಿದ್ದಳು. ಒಳಗೆ ಮಗಳು ಒದ್ದೆ ಮೈಯಲ್ಲಿ ನಿಂತು, ಗೋಡೆಗೆ ಬಣ್ಣ ಬಳಿಯುವ ರೋಲರನ್ನು ಹೆಗಲ ಮೇಲಿಂದ ಹಿಂದಕ್ಕೆ ಇಳಿಬಿಟ್ಟು, ತನ್ನ ಬೆನ್ನಿಗೆ ತಾನೇ ಮುಲಾಮು ಹಚ್ಚಿಕೊಳ್ಳುತ್ತಿದ್ದಳು. ರೋಲರು ಹೊಸದು. ಪೇಂಟರ್ ಅಪ್ಪ ಅದರ ಹಿಡಿಗೊಂದು ಕೋಲು ಕಟ್ಟಿ, ಹೆಂಡತಿಯ ಕಣ್ಣು ತಪ್ಪಿಸಿ ಮಗಳ ಕೈಗಿತ್ತು, “ನಾನು ಕೊಟ್ಟೆ ಅಂತ ಮಾತ್ರ ಬಾಯಿ ಬಿಡಬೇಡ ಕಣಮ್ಮಾ” ಎಂದಿದ್ದ.

“ಬಂದೆ ಇರಮ್ಮಾ!”

ಹುಟ್ಟಿದಾಗಿನಿಂದಲೂ ಅವಳ ಚರ್ಮ ಹಾಗೇ. ಬಿಗಿ, ಒಣಕಲು, ಮೈಯೆಲ್ಲ ಹುರುಪೆ. ಬೀದಿಯ ಮಕ್ಕಳು ‘ಮೀನು, ಮೀನು’ ಎಂದು ಕೂಗಿದರೆ ಅಪ್ಪ ಅದನ್ನೇ ಕಿತ್ತುಕೊಂಡು ಮುದ್ದಿನ ಹೆಸರು ಮಾಡಿಬಿಟ್ಟಿದ್ದ. ಡಾಕ್ಟರು ಆಗಲೇ ಬಿಡಿಸಿ ಹೇಳಿದ್ದರು: ಚರ್ಮದ ಜೀವಕೋಶಗಳು ಇಟ್ಟಿಗೆ ಇದ್ದಂತೆ, ನಡುವಿನ ಕೊಬ್ಬು ಗಾರೆ, ಈ ಮಗುವಿಗೆ ಆ ಗಾರೆ ಸರಿಯಾಗಿ ಕೂಡಿಕೊಂಡಿಲ್ಲ, ಮೈಯೊಳಗಿನ ನೀರು ಸೋರಿಹೋಗುತ್ತದೆ. ಗುಣವಾಗುವ ಮಾತಿಲ್ಲ. ಸ್ನಾನವಾದ ಕೂಡಲೇ, ಮೈ ಹಸಿಯಿರುವಾಗಲೇ ಮುಲಾಮು ಮೆತ್ತಬೇಕು, ಸಂಜೆ ಮತ್ತೆ ಮೆತ್ತಬೇಕು, ಬದುಕಿರುವವರೆಗೂ. ತಪ್ಪಿದರೆ ಚರ್ಮ ಬಿರಿದು ರಕ್ತ ಬರುತ್ತದೆ.

ಅಂದಿನಿಂದ ಅಮ್ಮ ಆ ಮುಲಾಮಿನ ಡಬ್ಬಿಗೆ ಕಟ್ಟುಬಿದ್ದಳು. ಸ್ವಂತ ತಂಗಿಯ ಮದುವೆಗೂ ಬೆಳಿಗ್ಗೆ ಹೋಗಿ ಸಂಜೆಯ ಹೊತ್ತಿಗೆ ಮನೆಯಲ್ಲಿದ್ದಳು. ಮುಲಾಮಿನಲ್ಲಿ ಆಡಿ ಆಡಿ ಅವಳ ಅಂಗೈ ಎಳೆಗೂಸಿನ ಕೆನ್ನೆಯಂತಾಗಿತ್ತು. ಹಿಮ್ಮಡಿ ಮಾತ್ರ ಹೊದಿಕೆಯ ನೂಲು ಸಿಕ್ಕಿಕೊಳ್ಳುವಷ್ಟು ಒಡೆದಿತ್ತು. ಮಗಳು ದೊಡ್ಡವಳಾದ ಮೇಲೆ ಕೈ, ಕಾಲು, ಹೊಟ್ಟೆಯನ್ನೆಲ್ಲ ತಾನೇ ನೋಡಿಕೊಂಡಳು. ಬೆನ್ನು ಅಮ್ಮನದಾಗಿಯೇ ಉಳಿಯಿತು.

ಆ ಬೆನ್ನಿನಿಂದಲೇ ಈಗ ಎಲ್ಲ ಫಜೀತಿ. ದೂರದ ಊರಿನ ಶಾಲೆಯೊಂದರಲ್ಲಿ ಅವಳಿಗೆ ವಿಜ್ಞಾನದ ಟೀಚರ್ ಕೆಲಸ ಸಿಕ್ಕಿತ್ತು. ಸಂದರ್ಶನದ ದಿನ ಪಾಠ ಮಾಡಿ ತೋರಿಸಿ ಎಂದಾಗ ಲಿಪಿಡ್‌ಗಳನ್ನೇ, ಎಂದರೆ ಕೊಬ್ಬನ್ನೇ, ಆರಿಸಿಕೊಂಡಿದ್ದಳು. ಪ್ರತಿ ಜೀವಕೋಶದ ಸುತ್ತಲೂ ಕೊಬ್ಬಿನದೇ ಎರಡು ಪದರದ ಪೊರೆ, ಆ ಅಣುಗಳ ತಲೆಗೆ ನೀರೆಂದರೆ ಇಷ್ಟ, ಬಾಲಕ್ಕೆ ನೀರು ಕಂಡರಾಗದು, ಅದಕ್ಕೇ ಬಾಲಗಳೆಲ್ಲ ನಡುವೆ ಅಡಗಿ ಕೂರುತ್ತವೆ ಎಂದಾಗ ಮಕ್ಕಳು ಗೊಳ್ಳೆಂದು ನಕ್ಕಿದ್ದರು. ಅಷ್ಟು ಖುಷಿಯಾಗಿ ಅವಳು ಯಾವತ್ತೂ ಮಾತಾಡಿರಲಿಲ್ಲ.

ಮನೆಗೆ ಬಂದು ಹೇಳಿದರೆ ಅಮ್ಮ ಕೇಳಿದ್ದು ಒಂದೇ. “ಬೆನ್ನಿಗೆ ಯಾರು ಹಚ್ತಾರೆ, ಹೆಡ್‌ಮಾಸ್ಟರಾ?”

“ಹೇಗಾದ್ರೂ ಮಾಡ್ಕೋತೀನಮ್ಮಾ.”

“ಕೊಬ್ಬು ನಿಂಗೆ!”

“ಇದ್ದಿದ್ರೆ ಯಾವಾಗ್ಲೋ ಹೋಗಿರ್ತಿದ್ದೆ.”

ಅಪ್ಪ ಕಿಸಕ್ಕನೆ ನಕ್ಕ. ಅಮ್ಮ ನಗಲಿಲ್ಲ, ಕಣ್ಣಲ್ಲಿ ನೀರು ತಂದುಕೊಂಡಳು. ಮಾತು ಅಲ್ಲಿಗೇ ನಿಂತಿತು. ಅಳುವ ತಾಯಿಯ ಜೊತೆ ಜಗಳವಾಡುವುದಾದರೂ ಹೇಗೆ? ಬೈದಿದ್ದರೆ ತಿರುಗಿಸಿ ಬೈದು ಹೊರಟುಬಿಡಬಹುದಿತ್ತು. ಈ ಅಕ್ಕರೆಯಲ್ಲಿ ಕೆಲವು ಸಲ ಅವಳಿಗೆ ಉಸಿರು ಕಟ್ಟುತ್ತಿತ್ತು. ಆಮೇಲೆ, ಹಾಗನಿಸಿತಲ್ಲ ಎಂದು ನಾಚಿಕೆಯಾಗುತ್ತಿತ್ತು. ಈ ವಾರವೆಲ್ಲ ಬಚ್ಚಲಲ್ಲಿ ರೋಲರು ಹಿಡಿದು ಅಭ್ಯಾಸ ಮಾಡಿ, ಹಚ್ಚಿದ್ದನ್ನು ಟವೆಲಿನಿಂದ ಒರೆಸಿಕೊಂಡು, ಏನೂ ಅರಿಯದವಳ ಹಾಗೆ ಬಂದು ಅಮ್ಮನ ಮುಂದೆ ಕೂತಿದ್ದಳು. ನಾಡಿದ್ದು ಸೋಮವಾರ ಶಾಲೆಯಲ್ಲಿರಬೇಕು. ಹೋಗದಿದ್ದರೆ ಕೆಲಸ ಬೇರೆಯವರ ಪಾಲು.

ಇವತ್ತೂ ಟವೆಲಿಗೆ ಕೈ ಹೋಯಿತು. ತೆಗೆದದ್ದನ್ನು ಒರೆಸಿಕೊಳ್ಳದೆ ಮತ್ತೆ ಮೊಳೆಗೇ ಸಿಕ್ಕಿಸಿದಳು. ರೋಲರನ್ನು ಬಕೆಟಿನ ಹಿಂದೆ ತಳ್ಳಿ, ಅಂಗಿಯನ್ನು ಎದೆಗವಚಿಕೊಂಡು ಚಿಲಕ ತೆಗೆದಳು.

ಅಮ್ಮ ಸ್ಟೂಲಿನ ಮೇಲೆ ಕೂತಿದ್ದಳು. ಡಬ್ಬಿ ತೊಡೆಯ ಮೇಲೆ, ಮುಲಾಮು ಆಗಲೇ ಅಂಗೈ ತುಂಬ.

“ಸಾಕಾಯ್ತಪ್ಪ ನಿನ್ನ ಸಹವಾಸ. ತಿರುಗು.”

“ಅಮ್ಮಾ, ಒಂದು ಮಾತು...”

“ಮಾತು ಆಮೇಲೆ. ತಿರುಗು ಅಂದ್ನಲ್ಲ.”

ಮಗಳು ತಿರುಗಿ ಹೊಸ್ತಿಲ ಮೇಲೆ ಕೂತಳು. ಅಮ್ಮನ ಕೈ ಬೆನ್ನಿಗೆ ತಾಗಿತು, ಜಾರಿತು, ನಿಂತಿತು. ಪೇಂಟರನ ಹೆಂಡತಿಗೆ ರೋಲರಿನ ಪಟ್ಟೆ ಗೊತ್ತಾಗದೆ ಇರುತ್ತದೆಯೇ? ಬೆರಳೊಂದು ಒಂದು ಪಟ್ಟೆಯ ಉದ್ದಕ್ಕೂ ಮೆಲ್ಲಗೆ ಇಳಿಯಿತು, ಪಕ್ಕದ ಪಟ್ಟೆಯ ಮೇಲೆ ಹತ್ತಿತು. ಈಗ ಅಮ್ಮ ಅತ್ತುಬಿಡುತ್ತಾಳೆ, ನಾನು ಎಲ್ಲಿಗೂ ಹೋಗಲಾರೆ ಎಂದುಕೊಂಡಳು ಮಗಳು.

“ಇಲ್ಲಿ ಎಡಗಡೆ ಇಷ್ಟು ಬಿಟ್ಟೋಗಿದೆ” ಎಂದಳು ಅಮ್ಮ. ಆ ಜಾಗಕ್ಕೆ ಬೆರಳಿನಿಂದ ಸವರುತ್ತ, “ಕೋಲು ಉದ್ದ ಸಾಲದು ಅಂತ ಹೇಳು ನಿಮ್ಮಪ್ಪಂಗೆ” ಎಂದಳು.

ಬಿಟ್ಟುಹೋದ ಜಾಗಕ್ಕೆ ಬೇಕಾದದ್ದು ಬೆರಳ ತುದಿಯಷ್ಟೇ. ಮಗಳು ಅಂಗಿ ತೊಟ್ಟು ತಿರುಗಿದಾಗ ಅಮ್ಮ ಅಂಗೈಯಲ್ಲಿ ಉಳಿದ ಮುಲಾಮನ್ನೇ ನೋಡುತ್ತ ಕೂತಿದ್ದಳು. ಅದನ್ನು ಡಬ್ಬಿಗೆ ಹಾಕಹೋಗಿ ಕೈ ಹಿಂದಕ್ಕೆಳೆದುಕೊಂಡಳು. ಆಮೇಲೆ ಒಂದು ಕಾಲನ್ನು ಎತ್ತಿ ಇನ್ನೊಂದು ತೊಡೆಯ ಮೇಲಿಟ್ಟುಕೊಂಡು, ಒಡೆದ ಹಿಮ್ಮಡಿಗೆ ಹಚ್ಚತೊಡಗಿದಳು.