ಸ್ಪಿರಿಟ್ ಹೊಡೆಯದ ಬಣ್ಣ

ಹೆಂಗಸರಿಗೆ ಬಣ್ಣ ಹಚ್ಚಿ ತೋರಿಸಿ ಮಾರುವುದು ನನ್ನ ಕೆಲಸ. ದೊಡ್ಡ ಅಂಗಡಿ, ನೆಲಮಹಡಿ, ಲಿಫ್ಟಿನ ಪಕ್ಕದ ಕೌಂಟರ್. ಒಂಬತ್ತು ವರ್ಷದಿಂದ ಅಲ್ಲೇ ನಿಂತಿದ್ದೇನೆ. ನಿಂತು ನಿಂತು ಕಾಲಿನ ನರ ಉಬ್ಬಿವೆ, ನಾಲಿಗೆ ಹರಿತವಾಗಿದೆ. ಹತ್ತು ಬಣ್ಣ ಹಚ್ಚಿಸಿಕೊಂಡು "ಆಮೇಲೆ ಬರ್ತೀನಿ" ಎಂದು ಜಾರಿಕೊಳ್ಳುವವರನ್ನು ಬರುವಾಗಲೇ ಗುರುತು ಹಿಡಿಯುತ್ತೇನೆ.

ಕೌಂಟರಿನ ಮೇಲೆ ತೆರೆದಿಟ್ಟ, ಕಣ್ಣಿನ ರೆಪ್ಪೆಗೆ ಹಚ್ಚುವ ಬಣ್ಣದ ಡಬ್ಬಿಗೆ ನಾವು ಟೆಸ್ಟರ್ ಎನ್ನುತ್ತೇವೆ. ಅದು ಮಾರುವುದಕ್ಕಲ್ಲ, ಬಂದವರು ಬೆರಳಿಟ್ಟು ನೋಡುವುದಕ್ಕೆ. ಕಣ್ಣುಜ್ಜಿದ ಬೆರಳು, ಮೂಗೊರೆಸಿದ ಬೆರಳು, ಎಲ್ಲವೂ ಅದರೊಳಗೆ. ಅದಕ್ಕೇ ದಿನಾ ಬೆಳಿಗ್ಗೆ ಸ್ಪಿರಿಟ್ ಹೊಡೆಯಬೇಕು. ಆದರೆ ಮಿನುಗುವ ಬಣ್ಣಗಳಿಗೆ ಸ್ಪಿರಿಟ್ ಬಿದ್ದರೆ ಮೇಲೆ ಹಕ್ಕಳೆಯಂತೆ ಗಟ್ಟಿಯಾಗಿ ಹೊಳಪು ಸತ್ತುಹೋಗುತ್ತದೆ. ಸತ್ತ ಹೊಳಪನ್ನು ಯಾರು ಕೊಳ್ಳುತ್ತಾರೆ? ಹಾಗಾಗಿ ಅವಕ್ಕೆ ಸ್ಪಿರಿಟ್ ಹೊಡೆಯದೆ, ಟಿಶ್ಯೂ ಪೇಪರಿನಲ್ಲಿ ಮೇಲಿನ ಪದರ ಒರೆಸಿ ಹೊಸದರಂತೆ ಮಾಡಿಡುವುದು ಕೌಂಟರಿನವರ ರೂಢಿ. ಗಿರಾಕಿಯ ಕಣ್ಣಿಗೆ ಮುಟ್ಟಿಸದೆ ಮುಂಗೈಗೆ ಮಾತ್ರ ಹಚ್ಚಬೇಕೆಂಬುದೂ ಇದಕ್ಕೇ. ಯಾವಳಾದರೂ ಕಣ್ಣಿಗೇ ಹಚ್ಚಿ ಎಂದು ಹಟ ಹಿಡಿದರೆ ನಾನೇ ಗದರಿಸಿದ್ದೇನೆ: "ಬೇಡ ಮೇಡಂ, ನಾಳೆ ಕಣ್ಣು ಊದಿಸ್ಕೊಂಡು ಬಂದು ನನ್ನನ್ನೇ ಬೈತೀರ." ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುವ ಗಾದೆ ನನ್ನಂಥವಳನ್ನು ನೋಡಿಯೇ ಹುಟ್ಟಿರಬೇಕು.

ನನ್ನ ತಂಗಿಗೆ ರಕ್ತದ ಕ್ಯಾನ್ಸರ್ ಇತ್ತು. ಮನೆಯಲ್ಲಿ ಅವಳನ್ನು ಮೆಣಸು ಎಂದೇ ಕರೆಯುತ್ತಿದ್ದೆವು. ಇದ್ದದ್ದು ಗೇಣುದ್ದ, ಮಾತು ಮಾತ್ರ ನೆತ್ತಿಗೇರುವ ಖಾರ. ಇಪ್ಪತ್ತಾರು ವರ್ಷ. ಏಳು ತಿಂಗಳ ಔಷಧಿಗೆ ರೋಗ ತಗ್ಗಿತ್ತು. ಅದು ಮತ್ತೆ ತಲೆ ಎತ್ತುವ ಮೊದಲು ಬೇರೆಯವರ ಮೂಳೆಮಜ್ಜೆ ಹಾಕಬೇಕಿತ್ತು, ನನ್ನದು ಪೂರ್ತಿ ಹೊಂದಿಕೆಯಾಯಿತು. ಸೋಮವಾರ ಇಬ್ಬರೂ ಆಸ್ಪತ್ರೆ ಸೇರಬೇಕೆಂದು ನಿಗದಿಯಾಯಿತು.

"ಈ ಸೋಮವಾರ ತಪ್ಪಬಾರ್ದು," ಎಂದು ಡಾಕ್ಟರಮ್ಮ ಬೆರಳೆತ್ತಿ ಹೇಳಿದ್ದರು. "ಅಲ್ಲಿವರೆಗೂ ಒಂದು ನೆಗಡಿನೂ ಆಗಬಾರ್ದು. ಅವರ ಮೈಯಲ್ಲಿ ಈಗ ಕಾವಲಿಗೆ ಯಾರೂ ಇಲ್ಲ."

ಅಮ್ಮ ಬಾಗಿಲ ಹಿಡಿಯನ್ನೂ ದಿನಕ್ಕೆ ನಾಲ್ಕು ಸಲ ಒರೆಸತೊಡಗಿದಳು. ಪಕ್ಕದ ಮನೆಯವರು ಹೂ ತಂದರೆ ಹೊರಗೇ ಇಸಿದುಕೊಂಡು ಹೊರಗೇ ಬಿಸಾಕಿದಳು.

ಆ ವಾರವೇ ಅಂಗಡಿಯಲ್ಲಿ ಹಳೆಯ ಸರಕು ತೆಗೆದು ಹೊಸದು ಇಟ್ಟೆವು. ಹಳೆಯ ಟೆಸ್ಟರುಗಳನ್ನು ಸೂಪರ್‌ವೈಸರ್ ಎದುರಿಗೇ ಚಾಕುವಿನಿಂದ ಕೆದಕಿ ಕಸಕ್ಕೆ ಹಾಕಬೇಕು. ಅವುಗಳಲ್ಲಿ ಒಂದು ಬಹಳ ದುಬಾರಿ ಡಬ್ಬಿ: ಹನ್ನೆರಡು ಬಣ್ಣ, ನಾಲ್ಕು ಹೊಳಪಿಲ್ಲದ ಮಂಕು, ಎಂಟು ಮಿನುಗು. ಅದರ ಬದಲು ಇನ್ನೊಂದು ಮುರುಕಲು ಡಬ್ಬಿಯನ್ನು ಎರಡು ಸಲ ಲೆಕ್ಕಕ್ಕೆ ತೋರಿಸಿ, ಆ ದುಬಾರಿ ಡಬ್ಬಿಯನ್ನು ಬ್ಯಾಗಿಗೆ ಸೇರಿಸಿದೆ. ಕದ್ದೆ. ಅದಕ್ಕೆ ಬೇರೆ ಹೆಸರು ಯಾಕೆ?

ಗುರುವಾರ ನನಗೆ ರಜೆ. ಮಧ್ಯಾಹ್ನ ಅಮ್ಮ ಔಷಧಿ ಅಂಗಡಿಗೆ ಹೋದ ಮೇಲೆ ಡಬ್ಬಿಯನ್ನು ಮೆಣಸಿನ ಮಡಿಲಲ್ಲಿಟ್ಟೆ. ಅವಳು ಮುಚ್ಚಳ ತೆರೆದು ಬಾಯಿಯನ್ನೂ ತೆರೆದಳು.

"ಅಯ್ಯೋ ಅಕ್ಕ! ಇದು ಪಾರಿವಾಳದ ಕತ್ತಿನ ಬಣ್ಣ ಕಣೇ."

"ಮುಟ್ಬೇಡ, ತಾಳು. ಮೊದ್ಲು ಕ್ಲೀನ್ ಮಾಡ್ತೀನಿ."

"ಬೇಗ ಮಾಡೇ ಮಾರಾಯ್ತಿ. ಹುಬ್ಬಿಲ್ಲ, ರೆಪ್ಪೆಕೂದ್ಲಿಲ್ಲ, ಬೇಯಿಸಿದ ಮೊಟ್ಟೆ ಥರ ಆಗಿದ್ದೀನಿ. ಈ ಮೊಟ್ಟೆಗೆ ಎರಡು ಕಣ್ಣು ಬರಿ ನೋಡೋಣ. ಸೋಮವಾರದಿಂದ ಒಂದು ತಿಂಗಳು ಆ ಗಾಜಿನ ರೂಮಲ್ಲಿ ನನ್ನ ಮುಖ ನಾನೇ ನೋಡ್ಕೊಂಡು ಕೂತಿರ್ಬೇಕು."

ಕೈ ತೊಳೆದೆ. ಹೊಸ ಬ್ರಷ್ ಬಿಚ್ಚಿದೆ. ನಾಲ್ಕು ಮಂಕು ಬಣ್ಣಗಳಿಗೆ ಸ್ಪಿರಿಟ್ ಹೊಡೆದು ಆರಲು ಬಿಟ್ಟೆ. ಮಿನುಗುಗಳನ್ನು ಟಿಶ್ಯೂವಿನಿಂದ ಒರೆಸಿದೆ. ಒಂಬತ್ತು ವರ್ಷ ದಿನಾ ಮಾಡಿದ್ದನ್ನು ಕೈ ತಾನಾಗಿ ಮಾಡಿತು.

"ಅವಕ್ಕೆ ಯಾಕೆ ಹೊಡೀಲಿಲ್ಲ?" ಎಂದು ಕೇಳಿದಳು.

"ಮಿನುಗು ಹೋಗುತ್ತೆ ಕಣೇ. ನನಗೇ ಹೇಳಿಕೊಡ್ತೀಯಾ? ಸುಮ್ನೆ ಕಣ್ಮುಚ್ಚು."

ಅವಳು ಕಣ್ಣು ಮುಚ್ಚಿದಳು. ಆ ರೆಪ್ಪೆಯ ಚರ್ಮ ಈರುಳ್ಳಿಯ ಒಳಸಿಪ್ಪೆಯಷ್ಟು ತೆಳ್ಳಗಿತ್ತು. ಮಿನುಗನ್ನು ಬ್ರಷ್ಷಿನಲ್ಲಿ ಹಚ್ಚಿದರೆ ಉದುರುತ್ತದೆ, ಬೆರಳು ಒದ್ದೆ ಮಾಡಿಕೊಂಡು ತಟ್ಟಬೇಕು. ಒಳಮೂಲೆಗೆ ಬೆಳ್ಳಿ, ನಡುವೆ ತಾಮ್ರ, ಹೊರಗೆ ಅವಳು ಕೇಳಿದ ಪಾರಿವಾಳದ ಬಣ್ಣ. ಮಂಕು ಕಂದು ಬಣ್ಣದಿಂದ ಹುಬ್ಬನ್ನೂ ತಿದ್ದಿದೆ. ಕನ್ನಡಿ ಕೊಟ್ಟೆ. ತಲೆಯನ್ನು ಆ ಕಡೆ ಈ ಕಡೆ ವಾಲಿಸಿ ಬೆಳಕಿಗೆ ಹಿಡಿದು ನೋಡಿಕೊಂಡಳು.

"ಪರವಾಗಿಲ್ಲ, ಇನ್ನೂ ಇದ್ದೀನಿ," ಎಂದಳು. ಆ ಮಾತು ಕೇಳಿ ನನಗೆ ಎಷ್ಟು ಸಂತೋಷವಾಯಿತೆಂದರೆ ಅಡುಗೆಮನೆಗೆ ಹೋಗಿ ಅತ್ತೆ. ಅಮ್ಮ ಬರುವಷ್ಟರಲ್ಲಿ ಎಲ್ಲ ಒರೆಸಿ ಡಬ್ಬಿ ಅಡಗಿಸಿಟ್ಟೆವು.

ಶನಿವಾರ ಅವಳ ಎಡಗಣ್ಣಿನ ರೆಪ್ಪೆ ಕೆಂಪಾಯಿತು. ಸೋಮವಾರ ಬೆಳಿಗ್ಗೆ ಕಣ್ಣು ತೆರೆಯಲಾಗದಷ್ಟು ಊದಿ, ಮೈ ಕಾದ ಕಾವಲಿಯಂತೆ ಸುಡುತ್ತಿತ್ತು. ಮೂಳೆಮಜ್ಜೆ ಹಾಕುವ ವಾರ್ಡಿನ ಬಾಗಿಲಿಗೆ ಹೋಗಿದ್ದ ನಮ್ಮನ್ನು ಅಲ್ಲಿಂದಲೇ ಕೆಳಗಿನ ಮಹಡಿಗೆ ಕಳಿಸಿದರು.

ಡಾಕ್ಟರಮ್ಮ ಟಾರ್ಚ್ ಹಿಡಿದು ನೋಡಿ ಕೇಳಿದರು: "ಕಣ್ಣಿಗೆ ಏನಾದ್ರೂ ಹಚ್ಚಿದ್ರಾ? ಕಾಡಿಗೆ, ಕ್ರೀಮು, ಏನೇ ಆಗ್ಲಿ ಹೇಳಿ. ಅದರ ಮೇಲೆ ಔಷಧಿ ನಿರ್ಧಾರ ಆಗುತ್ತೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ಬ್ಯಾಗಿನ ಜಿಪ್ಪಿನ ಮೇಲೆ ಹೋಯಿತು. ಡಬ್ಬಿ ಅದರೊಳಗೇ ಇತ್ತು. ಹೇಳಿದರೆ ಕೆಲಸ ಹೋಗುತ್ತದೆಂಬ ಭಯ ಅರ್ಧ, ಉಳಿದರ್ಧ ಪಕ್ಕದಲ್ಲೇ ನಿಂತಿದ್ದ ಅಮ್ಮ.

"ಏನಿಲ್ಲ ಡಾಕ್ಟ್ರೆ," ಎಂದಳು ಮೆಣಸು. "ನಾನೇ ಕೆರ್ಕೊಂಡೆ."

ಅಮ್ಮ ನೀರು ತರಲು ಹೋದಾಗ ಅವಳ ಹತ್ತಿರ ಬಗ್ಗಿ ಕೇಳಿದೆ. "ಯಾಕೇ ಸುಳ್ಳು ಹೇಳ್ದೆ?"

"ನೀನು ಹೇಳ್ತೀಯ ಅಂತ ಕಾದೆ. ನೀನು ಬಾಯೇ ಬಿಡ್ಲಿಲ್ಲ. ಅಮ್ಮ ನಿನ್ನ ಮುಖ ನೋಡೋಕೆ ಶುರು ಮಾಡಿದ್ಲು, ಅದಕ್ಕೆ." ಸ್ವಲ್ಪ ಉಸಿರು ಎಳೆದುಕೊಂಡು, "ಈಗ ಹೋಗಿ ಒಬ್ಳೇ ಹೇಳಿ ಬಾ ಅಕ್ಕ," ಎಂದಳು.

"ನಾಳೆ ಹೇಳ್ತೀನಿ."

ಹಾಗೆ ಐದು ನಾಳೆಗಳು ಹೋದವು. ಪ್ರತಿದಿನ ಡಾಕ್ಟರಮ್ಮನ ಕೋಣೆಯ ಬಾಗಿಲವರೆಗೆ ಹೋಗಿ, ಯಾರೋ ಒಳಗಿದ್ದಾರೆಂಬ ನೆಪ ಹಿಡಿದು ಮರಳಿದೆ. ಗಿರಾಕಿಗಳ ಮುಂದೆ ಪಟಪಟ ಉದುರುವ ಈ ಹಾಳು ನಾಲಿಗೆಗೆ ಅಲ್ಲಿ ಲಕ್ವ ಹೊಡೆಯುತ್ತಿತ್ತು. ಕೊಡುತ್ತಿದ್ದ ಔಷಧಿಗೆ ಊತ ಬಗ್ಗಲಿಲ್ಲ, ಕೆನ್ನೆಗೆ ಇಳಿಯಿತು. ಆರನೆಯ ದಿನ ಪ್ರಯೋಗಾಲಯದ ವರದಿ ಬಂತು. ಅದು ಬೂಷ್ಟಿನ ಸೋಂಕಂತೆ. ಆಗ ಔಷಧಿ ಬದಲಾಯಿಸಿದರು.

ಆ ದಿನ ಡಾಕ್ಟರಮ್ಮನನ್ನು ಕೊನೆಗೂ ಕೇಳಿದೆ. "ಮೊದಲ ದಿನಾನೇ ಗೊತ್ತಾಗಿದ್ರೆ?"

"ಮೊದಲ ದಿನಾನೇ ಈ ಔಷಧಿ ಶುರು ಮಾಡ್ತಿದ್ವಿ. ಇಷ್ಟು ಹರಡ್ತಿರ್ಲಿಲ್ಲ. ಹದಿನೈದು ದಿನ ತಡವಾಗಿಯಾದ್ರೂ ಮೂಳೆಮಜ್ಜೆ ಹಾಕ್ಬಹುದಿತ್ತೋ ಏನೋ. ಯಾಕೆ ಕೇಳ್ತಿದ್ದೀರಿ?"

"ಸುಮ್ನೆ," ಎಂದೆ.

ಏಳು ವಾರಕ್ಕೆ ಕಣ್ಣು ಪೂರ್ತಿ ವಾಸಿಯಾಯಿತು. ಅಷ್ಟರಲ್ಲಿ ರೋಗ ಮರಳಿತ್ತು, ಮೊದಲಿಗಿಂತ ಜೋರಾಗಿ. ಇನ್ನು ಮೂಳೆಮಜ್ಜೆ ಹಾಕಿ ಪ್ರಯೋಜನವಿಲ್ಲ ಎಂದರು. ನನ್ನ ಮೈಯಲ್ಲಿ ಅವಳಿಗೆಂದು ಹೊಂದಿಕೆಯಾಗಿದ್ದದ್ದು ನನ್ನ ಮೈಯಲ್ಲೇ ಉಳಿಯಿತು. ಮೆಣಸು ಒಂದು ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ, ನರ್ಸ್ ಹಾಸಿಗೆಯ ಬಟ್ಟೆ ಬದಲಾಯಿಸುತ್ತಿದ್ದಾಗ, ಹೋಗಿಬಿಟ್ಟಳು.

ಮಾತಾಡಿಸಲು ಜನ ಬಂದರು. ಬಂದವರಿಗೆಲ್ಲ ಅಮ್ಮ ಒಂದೇ ಮಾತು ಹೇಳುತ್ತಿದ್ದಳು: "ನಮ್ಮ ದೊಡ್ಡವಳು ತಂಗಿಗೋಸ್ಕರ ತನ್ನ ಮೂಳೆ ಚುಚ್ಚಿಸ್ಕೊಳ್ಳೋಕೂ ತಯಾರಾಗಿದ್ಲು. ಇಂಥ ಅಕ್ಕ ಯಾರಿಗಿರ್ತಾಳೆ ಹೇಳಿ." ಅವರು ನನ್ನ ತಲೆ ಸವರಿ ಹೋಗುತ್ತಿದ್ದರು. ನಾಲ್ಕು ದಿನ ಆ ಹೊಗಳಿಕೆ ಕೇಳುತ್ತಾ ನೀರು ತಂದುಕೊಟ್ಟೆ. ಐದನೆಯ ದಿನ ಆಗಲಿಲ್ಲ. ಅಮ್ಮ ಮೆಣಸಿನ ಬಟ್ಟೆ ಮಡಿಸುತ್ತಿದ್ದಳು. ಎದುರಿಗೆ ಕುಕ್ಕರುಗಾಲಲ್ಲಿ ಕೂತು, ಗುರುವಾರದಿಂದ ಹಿಡಿದು ಎಲ್ಲವನ್ನೂ ಒದರಿದೆ.

ಅಮ್ಮನ ಕೈ ನಿಲ್ಲಲಿಲ್ಲ. "ಗೊತ್ತು," ಎಂದಳು.

"ಏನು ಗೊತ್ತು?"

"ಅವಳೇ ಹೇಳಿದ್ಲು, ಕೊನೇ ವಾರ. ಅಕ್ಕನಿಗೆ ಏನೂ ಅನ್ಬೇಡ ಅಂತ ಕೈ ಹಿಡ್ಕೊಂಡು ಮಾತು ತಗೊಂಡ್ಲು."

"ಮತ್ತೆ ಬಂದೋರಿಗೆಲ್ಲ ಯಾಕಮ್ಮ ಹಾಗೆ ಹೇಳ್ತೀಯ?"

"ಅದನ್ನ ಹೇಳ್ದೇ ಇದ್ರೆ ಬಾಯಲ್ಲಿ ಇನ್ನೊಂದು ಬರುತ್ತೆ. ಕ್ಷಮಿಸ್ಬಿಟ್ಟಿದ್ದೀನಿ ಅಂದ್ಕೋಬೇಡ." ಮಡಿಸಿದ ಬಟ್ಟೆಯನ್ನು ಮತ್ತೆ ಬಿಡಿಸಿದಳು. "ಹೇಗೋ ತಡ್ಕೊಂಡಿದ್ದೆ. ನೀನು ಯಾಕೆ ಹೇಳ್ದೆ? ನಿನಗೆ ಹಗುರ ಆಗ್ಲಿ ಅಂತ ತಾನೇ?"

ಸಂಜೆ ಅಮ್ಮನ ಹಳೆಯ ಗೆಳತಿಯೊಬ್ಬಳು ಬಂದಳು, ನಮ್ಮನ್ನು ಮೊದಲು ನೋಡಿದವಳಲ್ಲ. ನಾನು ನೀರು ಹಿಡಿದು ಹೋಗಿ ನಿಂತೆ. "ಇವಳು ಯಾರು?" ಎಂದು ಆಕೆ ಕೇಳಿದಳು.

ಅಮ್ಮ ನನ್ನ ಕಡೆ ನೋಡದೆ, "ದೊಡ್ಡ ಮಗಳು," ಎಂದಳು. ಬಂದವರಿಗೆಲ್ಲ ಹೇಳುತ್ತಿದ್ದ ಆ ಮಾತನ್ನು ಮುಂದಕ್ಕೆ ಹೇಳಲಿಲ್ಲ.