ಚಿಕ್ಕಬಸಪ್ಪನವರ ಮೂಗು ಮತ್ತು ಹಲಸಿನ ಕುರ್ಚಿ

ನಂಜನಗೂಡಿನ ಬಾಳೆಮಂಡಿಯಲ್ಲಿ ಚಿಕ್ಕಬಸಪ್ಪನವರ ಮೂಗಿಗೆ ಅವರ ತಕ್ಕಡಿಗಿಂತ ಹೆಚ್ಚು ಮರ್ಯಾದೆ. ಗೊನೆಗಳನ್ನು ಹಣ್ಣಿಗೆ ಹಾಕಿದ ಕೋಣೆಯ ಬಾಗಿಲನ್ನು ಒಂದಿಷ್ಟೇ ತೆರೆದು, ಒಳಗಿನ ಗಾಳಿ ಎಳೆದುಕೊಂಡು, ಯಾವ ಮೂಲೆಯ ರಸಬಾಳೆ ಇವತ್ತಿಗೆ, ಯಾವುದು ನಾಳೆಗೆ ಎಂದು ಹೇಳಿಬಿಡುತ್ತಿದ್ದರು. 2003ರ ಚಳಿಗಾಲದ ನೆಗಡಿ ಬಂದದ್ದೇ ಬಂದದ್ದು, ಎಲ್ಲ ಹಾಳಾಯಿತು. ನೆಗಡಿ ಹೋಯಿತು, ವಾಸನೆ ಮಾತ್ರ ತಿರುಗಿ ಬರಲಿಲ್ಲ. ಮಂಡಿಯಲ್ಲಿ ಗೊತ್ತಾದರೆ ನಗೆಪಾಟಲು ಎಂದು ಮನೆಯಲ್ಲೂ ಬಾಯಿಬಿಡದೆ, ಬಾಗಿಲಲ್ಲಿ ಮೂಸುವ ನಾಟಕವಾಡಿ, ಒಳಗೆ ಹೋಗಿ ಹಣ್ಣು ಅದುಮಿ ನೋಡಿ ಕಾಲ ತಳ್ಳುತ್ತಿದ್ದರು.

ಹೀಗಿರುವಾಗ ಮಗಳು ಚೈತ್ರ ತಿ. ನರಸೀಪುರದ ಗಂಡನ ಮನೆಯಿಂದ ಬಸುರಿಯಾಗಿ ತವರಿಗೆ ಬಂದಳು. ಒಗ್ಗರಣೆ ಹಾಕಿದರೆ ವಾಂತಿ, ಊದುಬತ್ತಿ ಹಚ್ಚಿದರೆ ವಾಂತಿ. ಮಲಗಿದರೆ ಎದೆಯುರಿ, ಗೋಡೆಗೊರಗಿಯೇ ನಿದ್ದೆ. ಬಿಡುವಾದಾಗ ಉಳಿ, ಉಜ್ಜುಗೊರಡು ಹಿಡಿಯುವ ಚಪಲವಿದ್ದ ಚಿಕ್ಕಬಸಪ್ಪ ಮಗಳಿಗೆಂದೇ ಹಲಸಿನ ಮರದಲ್ಲಿ ಒಂದು ಒರಗುಕುರ್ಚಿ ಮಾಡಿದರು. ಹಲಸಿನ ಹಳದಿ ಬಣ್ಣ ಹಾಗೇ ಕಾಣಬೇಕು, ಬಳಿದದ್ದು ಮಾತ್ರ ನಾರಬಾರದು. ಅಂಥ ಪಾಲಿಶ್ ಎಲ್ಲಿ ತರುವುದು?

"ಊರಿಗೇ ಹೆಸರಾದ ಮೂಗು ನಿಮ್ದು. ನೀವೇ ಮೂಸಿ ತನ್ನಿ ಕಣ್ರೀ," ಎಂದರು ಹೆಂಡತಿ ಚನ್ನಬಸಮ್ಮ. ಇಕ್ಕಟ್ಟೆಂದರೆ ಇದು.

ಹಾರ್ಡ್‌ವೇರ್ ಅಂಗಡಿಯ ಮಾದು ಮೂರು ಡಬ್ಬಿ ತೆರೆದು, ಮೂರು ಮರದ ಚೂರಿಗೆ ಬಳಿದು ಮುಂದಿಟ್ಟ. "ಯಾವುದು ಕಮ್ಮಿ ವಾಸನೆ ನೀವೇ ಯೋಳಿ ಸಾ. ನನ್ ಮೂಗು ಟರ್ಪೆಂಟೈನ್ ಕುಡ್ದು ಕುಡ್ದು ಸತ್ತೋಗದೆ."

ಚಿಕ್ಕಬಸಪ್ಪ ಕಣ್ಣು ಮುಚ್ಚಿ ಒಂದೊಂದನ್ನೇ ಗಂಭೀರವಾಗಿ ಮೂಸಿದರು. ಮೂರೂ ನೀರು ಮೂಸಿದ ಹಾಗಿದ್ದವು. ಅಷ್ಟರಲ್ಲಿ ಮೊಳೆ ಕೊಳ್ಳಲು ಬಂದ ದೇವನೂರಿನ ಬೆಟ್ಟಸ್ವಾಮಿ ದೇವರ ಹಾಗೆ ಕಂಡ. "ನನ್ನ ಲೆಕ್ಕ ಸರೀನಾ, ನೀನೂ ಒಂಚೂರು ನೋಡಪ್ಪ."

ಬೆಟ್ಟಸ್ವಾಮಿ ಮೂರನ್ನೂ ಮೂಸಿ, "ಯಾವುದ್ರಲ್ಲೂ ಏನೂ ಇಲ್ವಲ್ಲ ಯಜಮಾನ್ರೇ," ಎಂದ.

"ಅದನ್ನೇ ನಾನೂ ಹೇಳೋಣ ಅಂತಿದ್ದೆ!" ಎಂದು ಚಿಕ್ಕಬಸಪ್ಪ ಎಲ್ಲಕ್ಕಿಂತ ಹೆಚ್ಚು ಹೊಳೆಯುವುದನ್ನು ಕೊಂಡರು. ಬೆಟ್ಟಸ್ವಾಮಿ ಹೊತ್ತೂ ಗೊತ್ತೂ ಇಲ್ಲದೆ ನಶ್ಯ ಏರಿಸುವ ಆಸಾಮಿ ಎಂಬುದು ಆಗ ಅವರಿಗೆ ಹೊಳೆಯಲೇ ಇಲ್ಲ.

ನಡುಮನೆಯಲ್ಲಿ ಕುರ್ಚಿಗೆ ಅರ್ಧ ಬಳಿಯುವಷ್ಟರಲ್ಲಿ ಚೈತ್ರ ಬಾಯಿಗೆ ಕೈ ಅಡ್ಡ ಹಿಡಿದು ಬಚ್ಚಲಿಗೆ ಓಡಿದಳು. ಚನ್ನಬಸಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಕಿಟಕಿಗಳನ್ನೆಲ್ಲ ತೆಗೆದರು. ಸುಸ್ತಾಗಿ ಹಿತ್ತಲ ಮೆಟ್ಟಿಲ ಮೇಲೆ ಕುಸಿದ ಮಗಳು ಅಳುತ್ತಾ ಕೇಳಿದಳು: "ಅಪ್ಪಾಜಿ, ಈ ಘಾಟು ನಿಮಗೆ ಬರ್ತಾ ಇಲ್ವಾ?"

ಮಾದು ಮೋಸ ಮಾಡಿದ ಎನ್ನುವ ಮಾತು ನಾಲಿಗೆ ತುದಿಯಲ್ಲೇ ಇತ್ತು. ಮಗಳ ಬಿಳಿಚಿದ ಮುಖ ನೋಡಿ ಚಿಕ್ಕಬಸಪ್ಪನವರಿಗೆ ತಮ್ಮ ಮೇಲೇ ಅಸಹ್ಯವಾಯಿತು.

"ನನಗೆ ಯಾವ ವಾಸನೇನೂ ಬರಲ್ಲ ಕಣವ್ವ. ಆ ನೆಗಡಿ ಬಂದಾಗಿನಿಂದ."

"ಅದಕ್ಕೇ ಮೊನ್ನೆ ಹಾಲು ಸೀದು ಕರಕಲಾದ್ರೂ ಪಕ್ಕದಲ್ಲೇ ಪೇಪರ್ ಓದ್ತಾ ಕೂತಿದ್ರಿ! ನನ್ನ ಹತ್ರ ಹೇಳೋಕೆ ಏನಾಗಿತ್ತು ದಾಡಿ?" ಎಂದು ರೇಗಿದ ಚನ್ನಬಸಮ್ಮ, ಹಾಗೇ ಸೆರಗಿನಿಂದ ಕಣ್ಣೊರೆಸಿಕೊಂಡರು.

ಮರುದಿನ ಮಾದು ಬೇರೆ ಡಬ್ಬಿಗಳನ್ನು ಹಿತ್ತಲಿಗೇ ತಂದ. ಈ ಸಲ ಮೂಸಿದವಳು ಚೈತ್ರ. ಒಂದು ಡಬ್ಬಿಯಲ್ಲಿದ್ದದ್ದು ಹಾಲಿನ ಹಾಗೆ ಬೆಳ್ಳಗಿತ್ತು. ನೀರು ಬೆರೆಸಿ ಬಳಿಯುವ ಹೊಸ ಮಾಲು, ಒಣಗಿದರೆ ಬಣ್ಣವೇ ಇಲ್ಲ. "ಇದು ಅಡ್ಡಿಯಿಲ್ಲ," ಎಂದಳು. ಚಿಕ್ಕಬಸಪ್ಪ ಹಳೆಯದನ್ನೆಲ್ಲ ಉಜ್ಜಿ ತೆಗೆದು ಇದನ್ನು ಬಳಿದು, ಗಾಳಿಗಿಟ್ಟು ಚೆನ್ನಾಗಿ ಒಣಗಿಸಿದರು. ಕುರ್ಚಿಗೊರಗಿದ ಮಗಳು ಬಹಳ ದಿನಗಳ ಮೇಲೆ ಗೊರಕೆ ಹೊಡೆದಳು.

ಒಂದು ಬೆಳಿಗ್ಗೆ ಅವಳೇ ಅಪ್ಪನ ಜೊತೆ ಮಂಡಿಗೆ ಹೊರಟಳು. ಕೋಣೆಯ ಬಾಗಿಲು ತೆರೆದಾಗ ಅಭ್ಯಾಸಬಲದಿಂದ ಮೂಗಿಗೆ ಸೆರಗು ಹಿಡಿದವಳು, ಮೆಲ್ಲಗೆ ಕೆಳಗಿಳಿಸಿದಳು.

"ಎಡಮೂಲೇದು ಇವತ್ತಿಗೆ, ಅಪ್ಪಾಜಿ. ಬಾಗಿಲ ಹತ್ರದ್ದು ನಾಳೆಗಿರಲಿ."

ಚಿಕ್ಕಬಸಪ್ಪ ಒಳಗೆ ಹೋಗಿ ಅದುಮಿ ನೋಡಿದರು. ಸರಿಯಾಗಿತ್ತು. ಹೊರಗೆ ಬಂದು ಸಣ್ಣ ದನಿಯಲ್ಲಿ ಕೇಳಿದರು: "ವಾಸನೆ ಹೆಂಗಿದೆ ಮಗಾ?"

"ಸ್ಕೂಲಿಂದ ಬಂದು ನಿಮ್ಮನ್ನ ತಬ್ಬಿಕೊಂಡಾಗ ನಿಮ್ಮ ಅಂಗಿ ಹೆಂಗಿರ್ತಿತ್ತೋ, ಹಂಗೇ ಇದೆ."

ಚಿಕ್ಕಬಸಪ್ಪ ತಮ್ಮ ಅಂಗಿಯ ತೋಳನ್ನು ಮೂಗಿಗೆ ಹಿಡಿದರು. ಏನೂ ಬರಲಿಲ್ಲ. ಆದರೂ ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡು ನಿಂತಿದ್ದರು.